‘ಸ್ವಲ್ಪ ನೋವಿದೆ’ ಎಂದು ಹೇಳಬೇಡಿ

ಅಕ್ಕ ಎಂದು ಕರೆದು ಕೇಳಿದ್ದೀರಿ, ಅಕ್ಕನಾಗಿಯೇ ಹೇಳುತ್ತೇನೆ. ಇಂಗ್ಲೆಂಡಿಗೆ ಬಂದು ಐದು ತಿಂಗಳಾಯಿತು, ಬೆರಳ ಗೆಣ್ಣುಗಳು ಊದಿಕೊಂಡಿವೆ, ಜಿಪಿ (ಹೆಸರು ನೋಂದಾಯಿಸಿಕೊಂಡ ಸ್ಥಳೀಯ ಕ್ಲಿನಿಕ್‌ನ ವೈದ್ಯರು) ಎರಡು ಸಲವೂ ಪ್ಯಾರಾಸಿಟಮಾಲ್ ಹೇಳಿ ಕಳುಹಿಸಿದರು, ನೇರವಾಗಿ ಕೀಲುರೋಗ ತಜ್ಞರ ಬಳಿ ಹೋಗಬಹುದೇ ಎಂದು ಕೇಳಿದ್ದೀರಿ. ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ) ಇದಕ್ಕೆ ಜಿಪಿಯ ರೆಫರಲ್, ಅಂದರೆ ತಜ್ಞರಿಗೆ ಕಳುಹಿಸುವ ಶಿಫಾರಸು, ಬೇಕೇ ಬೇಕು. ಆದ್ದರಿಂದ ಜಿಪಿಯೊಂದಿಗಿನ ಆ ಹತ್ತು ನಿಮಿಷಕ್ಕೆ ಚೆನ್ನಾಗಿ ಸಿದ್ಧರಾಗಿ ಹೋಗಿ.

ಆರು ವರ್ಷಗಳ ಹಿಂದೆ ನನಗೂ ಹೀಗೆಯೇ ಆಗಿತ್ತು. ವೈದ್ಯರು ಕೇಳಿದಾಗ, ‘ಪರವಾಗಿಲ್ಲ ಡಾಕ್ಟರ್, ಸ್ವಲ್ಪ ನೋವಿದೆ’ ಎಂದು ನಕ್ಕೆ. ದೊಡ್ಡವರ ಮುಂದೆ ತಗ್ಗಿ ಮಾತನಾಡಿಯೇ ಬೆಳೆದವಳು. ಅವರೂ ಸ್ವಲ್ಪ ನೋವು ಎಂದೇ ಬರೆದುಕೊಂಡರು. ಮೂರನೆಯ ಸಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ: ಬೆಳಿಗ್ಗೆ ಎದ್ದ ಮೇಲೆ ಒಂದೂವರೆ ಗಂಟೆ ಮುಷ್ಟಿ ಹಿಡಿಯಲಾಗುವುದಿಲ್ಲ, ಮಗಳ ಅಂಗಿಯ ಗುಂಡಿ ಹಾಕಲಾಗುವುದಿಲ್ಲ, ಬೀಗ ತೆಗೆಯಲು ಎರಡೂ ಕೈ ಬೇಕು. ಊತ ಹೆಚ್ಚಿದ್ದ ದಿನ ತೆಗೆದ ಫೋಟೊ ತೋರಿಸಿದೆ. ವೈದ್ಯರು ಕೀಬೋರ್ಡ್ ಬಿಟ್ಟು ಕುರ್ಚಿ ತಿರುಗಿಸಿ, ನನ್ನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಅಲ್ಲಿಯವರೆಗೆ ಯಾರೂ ನನ್ನ ಕೈ ಮುಟ್ಟಿರಲಿಲ್ಲ.

‘ರಕ್ತಪರೀಕ್ಷೆ ಸರಿಯಾಗಿದೆಯಲ್ಲ’ ಎಂದರೆ ಸುಮ್ಮನಾಗಬೇಡಿ. ಕಾರಣ ತಿಳಿಯದೆ ಕೀಲುಗಳ ಊತ ಉಳಿದುಕೊಂಡರೆ, ರಕ್ತದಲ್ಲಿ ಏನೂ ಕಾಣದಿದ್ದರೂ ತಜ್ಞರಿಗೆ ಕಳುಹಿಸಬೇಕೆಂದು ಇಲ್ಲಿನ ವೈದ್ಯರಿಗೆ ಚಿಕಿತ್ಸೆಯ ಸಲಹೆಗಳನ್ನು ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಕೈಕಾಲುಗಳ ಸಣ್ಣ ಕೀಲುಗಳಾದರೆ ತುರ್ತಾಗಿ ಕಳುಹಿಸಬೇಕು. ರೂಮಟಾಯ್ಡ್ ಆರ್ಥ್ರೈಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ) ಆಗಿದ್ದರೆ ತಡವಾದಷ್ಟೂ ಕೀಲು ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರೆಫರಲ್ ಬೇಡವೆಂದರೆ ಜಗಳವಾಡಬೇಕಿಲ್ಲ. ‘ಏಕೆ ಬೇಡ? ಇದು ಬೇರೆ ಏನಿರಬಹುದು? ಎಷ್ಟು ದಿನ ಕಾಯಲಿ?’ ಎಂದು ಕೇಳಿ, ಉತ್ತರವನ್ನು ದಾಖಲೆಯಲ್ಲಿ ಬರೆಯಲು ಹೇಳಿ. ಅದೇ ಕ್ಲಿನಿಕ್‌ನ ಇನ್ನೊಬ್ಬ ಜಿಪಿಯನ್ನೂ ಕಾಣಬಹುದು, ಅದು ಅಗೌರವವಲ್ಲ. ಇಂಗ್ಲಿಷ್ ತಡವರಿಸಿದರೆ ಭೇಟಿ ಗೊತ್ತುಮಾಡುವಾಗಲೇ ದುಭಾಷಿ ಬೇಕೆಂದು ಹೇಳಿ, ಅದಕ್ಕೆ ಹಣ ಕೊಡಬೇಕಿಲ್ಲ. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಆದರೆ ಮಾತು ಅವರಿಗೆ ಬಿಡಬೇಡಿ. ನನ್ನ ಪತಿ ಎಷ್ಟೇ ಪ್ರೀತಿಯಿಂದ ಹೇಳಿದರೂ ನನ್ನ ನೋವು ಅವರ ಬಾಯಲ್ಲಿ ಅರ್ಧಕ್ಕಿಳಿಯುತ್ತಿತ್ತು.

ರೆಫರಲ್ ಆದ ಮೇಲೂ ಕಾಯಬೇಕಾಗುತ್ತದೆ. 18 ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ಗುರಿಯಿದೆ, ಬಹಳ ಮಂದಿಗೆ ಅದು ತಪ್ಪುತ್ತಿದೆ. ಮೊದಲ ಭೇಟಿಗೆ ಆಸ್ಪತ್ರೆಯನ್ನು ಆಯ್ದುಕೊಳ್ಳುವ ಹಕ್ಕು ಇಂಗ್ಲೆಂಡಿನಲ್ಲಿ ನಿಮಗಿದೆ, ಹಾಗಾಗಿ ಕಾಯುವ ಅವಧಿ ಎಲ್ಲಿ ಕಡಿಮೆಯೆಂದು ವಿಚಾರಿಸಿ. ಎರಡು ವಾರವಾದರೂ ಪತ್ರ ಬಾರದಿದ್ದರೆ ಕ್ಲಿನಿಕ್‌ಗೆ ಫೋನ್ ಮಾಡಿ, ರೆಫರಲ್ ನಿಜವಾಗಿಯೂ ಹೋಗಿದೆಯೇ ಎಂದು ಕೇಳಿ. ನನ್ನದು ಹೋಗಿರಲೇ ಇಲ್ಲ. ಯಾರಾದರೂ ಭೇಟಿ ರದ್ದುಮಾಡಿದರೆ ತಕ್ಷಣ ಬರುತ್ತೇನೆಂದು ಆಸ್ಪತ್ರೆಗೂ ತಿಳಿಸಿಡಿ.

ನಾಳೆ ಬೆಳಿಗ್ಗೆ ಎದ್ದೊಡನೆ ಗಡಿಯಾರ ನೋಡಿ, ಮುಷ್ಟಿ ಬಿಗಿಹಿಡಿಯಲು ಎಷ್ಟು ಹೊತ್ತಾಯಿತೆಂದು ಬರೆದಿಡಿ.