ಪ್ಲಾಸ್ಟರ್ ಪಾದಕ್ಕೆ, ಮೈಗಲ್ಲ

ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ಫಿಸಿಯೋಥೆರಪಿಸ್ಟ್ ಒಬ್ಬರ ಉತ್ತರ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 44. ಎರಡು ವಾರದ ಹಿಂದೆ ಶಾಲೆಯ ಮೆಟ್ಟಿಲು ಇಳಿಯುವಾಗ ಬಲಗಾಲು ಹೊರಳಿತು. ಕಿರುಬೆರಳಿನ ಹಿಂದಿನ ಎಲುಬು ಮುರಿದಿದೆ. ಮೊಣಕಾಲಿನ ಕೆಳಗಿನಿಂದ ಪ್ಲಾಸ್ಟರ್. ಆರು ವಾರ ಕಾಲು ನೆಲಕ್ಕೆ ಊರಬೇಡಿ ಅಂದಿದ್ದಾರೆ. ಆಗಿನಿಂದ ಮಂಚದ ಮೇಲೇ ಇದ್ದೇನೆ. ತೊಡೆ ಆಗಲೇ ಸಣ್ಣಗಾದ ಹಾಗೆ ಕಾಣುತ್ತಿದೆ. ನಮ್ಮತ್ತೆ ದಿನಾ ಕಾಲು ಸೂಪ್ ಕುಡಿಸುತ್ತಾರೆ. ಪ್ಲಾಸ್ಟರ್ ಬಿಚ್ಚಿಸಿ ಹಳ್ಳಿಯಲ್ಲಿ ಪಟ್ಟಿ ಕಟ್ಟಿಸೋಣ ಅಂತಲೂ ಹೇಳುತ್ತಿದ್ದಾರೆ. ಆರು ವಾರ ಸುಮ್ನೆ ಮಲಗಿಯೇ ಇರಬೇಕಾ?
— ಶಿಕ್ಷಕಿ, ಸೇಡಂ

ಉತ್ತರ: ಬೇಡ ಟೀಚರ್, ಮಲಗಿಯೇ ಇರಬೇಡಿ. ಮುರಿದದ್ದು ಪಾದದ ಒಂದು ಎಲುಬು. ತೊಡೆ, ಸೊಂಟ, ತೋಳಿಗೆ ಏನೂ ಆಗಿಲ್ಲ. ಅವುಗಳಿಗೂ ರಜೆ ಕೊಟ್ಟರೆ, ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಎಲುಬು ಕೂಡಿರುತ್ತದೆ, ನಡೆಯಲು ತ್ರಾಣ ಇರುವುದಿಲ್ಲ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನರ ಗೋಳು ಇದೇ. ನಿಮ್ಮ ಕಣ್ಣೂ ಸರಿಯಾಗಿಯೇ ಇದೆ. ಕೆಲಸವಿಲ್ಲದ ಸ್ನಾಯು ಒಂದೆರಡು ವಾರದಲ್ಲೇ ಸೊರಗಲು ಶುರುವಾಗುತ್ತದೆ.

ಮೊದಲು ಅತ್ತೆಯವರ ಮಾತಿಗೆ ಬರುತ್ತೇನೆ. ಪ್ಲಾಸ್ಟರ್ ಮಧ್ಯದಲ್ಲಿ ಬಿಚ್ಚಿಸಬೇಡಿ. ಪಟ್ಟಿ ಕಟ್ಟುವವರು ಕೂಡುತ್ತಿರುವ ಎಲುಬಿನ ಮೇಲೆ ಎಣ್ಣೆ ಹಚ್ಚಿ ತಿಕ್ಕಿದರೆ ಅದು ಮತ್ತೆ ಜಾಗ ತಪ್ಪಬಹುದು. ಇದರಲ್ಲಿ ಅವರ ಮನಸ್ಸು ನೋಯಿಸದೆ ಗಟ್ಟಿಯಾಗಿ ನಿಲ್ಲಿ. ಕಾಲು ಸೂಪ್ ಮಾತ್ರ ಬೇಕಾದರೆ ರುಚಿಗೆ ಕುಡಿಯಿರಿ. ಎಲುಬು ಎಷ್ಟು ಕುದಿಸಿದರೂ ಅದರ ಕ್ಯಾಲ್ಸಿಯಂ ಸೂಪಿಗೆ ಇಳಿಯುವುದು ತೀರಾ ಕಡಿಮೆ.

ಕಿರುಬೆರಳಿನ ಹಿಂದಿನ ಎಲುಬು ಹೀಗೆ ಮುರಿಯುವುದು ಬಹಳ ಸಾಮಾನ್ಯ. ಬುಡದ ತುದಿ ಕಿತ್ತಿದ್ದರೆ ಆರೆಂಟು ವಾರದಲ್ಲಿ ಕೂಡುತ್ತದೆ. ಅದಕ್ಕಿಂತ ಸ್ವಲ್ಪ ಮುಂದೆ ಮುರಿದಿದ್ದರೆ ಅಲ್ಲಿ ರಕ್ತ ಹರಿಯುವುದು ಕಡಿಮೆ, ನಿಧಾನವಾಗುತ್ತದೆ. ಕೆಲವರಿಗೆ ಸ್ಕ್ರೂ ಹಾಕಬೇಕಾಗುತ್ತದೆ. ಈ ಎರಡನೆಯದಕ್ಕೆ ಜೋನ್ಸ್ ಫ್ರಾಕ್ಚರ್ ಅಂತ ಹೆಸರು. ಇಂಗ್ಲೆಂಡಿನ ರಾಬರ್ಟ್ ಜೋನ್ಸ್ ಎಂಬ ಎಲುಬಿನ ಡಾಕ್ಟರು ಕುಣಿಯುವಾಗ ತಮ್ಮದೇ ಪಾದ ಮುರಿದುಕೊಂಡು, 1902ರಲ್ಲಿ ಅದರ ಬಗ್ಗೆ ಬರೆದರು. ಡಾಕ್ಟರ ಕಾಲೂ ಮುರಿಯುತ್ತದೆ ನೋಡಿ! ನಿಮ್ಮದು ಯಾವುದು ಅಂತ ಮುಂದಿನ ಎಕ್ಸ್‌ರೇ ದಿನ ಕೇಳಿ ತಿಳಿದುಕೊಳ್ಳಿ.

ಈಗ ಕೆಲಸ. ಮಲಗಿದಾಗ ಪಾದ ಎದೆಗಿಂತ ಎತ್ತರದಲ್ಲಿರಲಿ, ಎರಡು ದಿಂಬು ಸಾಕು. ಕೂತಾಗಲೂ ಕಾಲು ಜೋತುಬಿಡದೆ ಮೇಲೆತ್ತಿ ಇಡಿ. ಎಚ್ಚರವಿದ್ದಾಗ ಗಂಟೆಗೊಮ್ಮೆ ಬೆರಳು ಮಡಿಸಿ ಬಿಡಿಸಿ. ತೊಡೆಗೆ ಇದು ಮಾಡಿ: ಅಂಗಾತ ಮಲಗಿ, ಎಡ ಮೊಣಕಾಲು ಮಡಿಸಿ. ಪ್ಲಾಸ್ಟರ್ ಕಾಲನ್ನು ನೆಟ್ಟಗೆ ಚಾಚಿ ತೊಡೆ ಬಿಗಿ ಮಾಡಿ. ಮಂಡಿ ಬಗ್ಗದ ಹಾಗೆ ಒಂದು ಗೇಣು ಮೇಲೆತ್ತಿ, ಐದು ಎಣಿಸಿ, ಮೆಲ್ಲಗೆ ಇಳಿಸಿ. ದಪ್ಪನೆ ಬಿಡಬೇಡಿ, ಇಳಿಸುವುದರಲ್ಲೇ ಅರ್ಧ ಕೆಲಸ ಇದೆ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಎಡಮಗ್ಗುಲಾಗಿ ಬಲಗಾಲನ್ನು ಪಕ್ಕಕ್ಕೆ ಎತ್ತಿ. ತೋಳಿಗೆ ಡಂಬೆಲ್ ಬೇಡ, ಒಂದು ಕಿಲೋ ತೊಗರಿಬೇಳೆ ಪಾಕೀಟು ಸಾಕು, ನಮ್ಮೂರಲ್ಲಿ ಅದಕ್ಕೇನು ಬರ? ತೋಳಿನ ಶಕ್ತಿ ಊರುಗೋಲು ಹಿಡಿಯಲು ಬೇಕು.

ಊರುಗೋಲಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬಿದ್ದು ಇನ್ನೊಂದು ಎಲುಬು ಮುರಿದುಕೊಂಡು ಬರುವವರನ್ನು ನೋಡಿದ್ದೇನೆ. ಕೋಲಿನ ಮೇಲ್ತುದಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಲಿ. ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳ ಮೇಲೆ ಜೋತುಬಿದ್ದರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಪರಸಿಯ ನೆಲ. ಒದ್ದೆಯಾದರೆ ಅದು ಜಾರುತ್ತದೆ. ಬಚ್ಚಲು ಬಾಗಿಲಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಕೋಲಿನ ಕೆಳಗಿನ ರಬ್ಬರ್ ಸವೆದಿದ್ದರೆ ಇವತ್ತೇ ಬದಲಾಯಿಸಿ, ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆ ಇದ್ದರೆ, ಅದರ ಮೇಲೆ ಇಡುವ ಕಮೋಡ್ ಕುರ್ಚಿಯೂ ಅಲ್ಲೇ ಕೇಳಿ. ನಾಚಿಕೆ ಪಡುವ ವಿಷಯವೇ ಅಲ್ಲ.

ರೊಟ್ಟಿ ಬಡಿಯುವುದನ್ನು ಸದ್ಯಕ್ಕೆ ಮನೆಯಲ್ಲಿ ಬೇರೆಯವರಿಗೆ ಬಿಡಿ. ತಿನ್ನುವುದನ್ನು ಬಿಡಬೇಡಿ! ಆದರೆ ಜೋಳದಲ್ಲಿ ಕ್ಯಾಲ್ಸಿಯಂ ಕಡಿಮೆ, 100 ಗ್ರಾಂ ಹಿಟ್ಟಿಗೆ 30 ಮಿಲಿಗ್ರಾಂ ಕೂಡ ದಾಟುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300 ಸಿಗುತ್ತದೆ. ಮೊಸರು, ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳು, ಸಿಕ್ಕರೆ ರಾಗಿ ಸೇರಿಸಿ. ಎಲುಬಿಗೂ ಸ್ನಾಯುವಿಗೂ ಪ್ರೋಟೀನ್ ಬೇಕು. ಬೇಳೆ ಗಟ್ಟಿಯಾಗಿರಲಿ, ಬರೀ ತಿಳಿ ಕುಡಿದರೆ ಆಗಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ), ಮೊಟ್ಟೆ ಇರಲಿ. ವಿಟಮಿನ್ ಡಿ 60,000 ಯೂನಿಟ್ಟಿನ ಪುಡಿ ಕೊಟ್ಟಿದ್ದರೆ ಅದು ಸಾಮಾನ್ಯವಾಗಿ ವಾರಕ್ಕೊಂದು. ಬೇಗ ಕೂಡಲಿ ಅಂತ ದಿನಾ ನುಂಗಬೇಡಿ.

ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಕಾಲೆತ್ತಿ ಇಟ್ಟರೂ ನೋವು ಏರುತ್ತಲೇ ಹೋದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಮೀನಖಂಡ ಬಿಗಿದು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಬೆಳಗಾಗಲಿ ಅಂತ ಕಾಯಬೇಡಿ.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ನೋಡಿ ಗಾಬರಿಯಾಗಬೇಡಿ. ಸಣ್ಣಗಿರುತ್ತದೆ, ಚರ್ಮ ಸುಲಿಯುತ್ತದೆ, ಹಿಮ್ಮಡಿ ಗಂಟು ಬಿಗಿದಿರುತ್ತದೆ. ನೀವು ಟೀಚರ್ ಅಲ್ವಾ, ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ಮಂಡಿ ಅಲ್ಲಾಡಬಾರದು, ಪಾದ ಮಾತ್ರ ತಿರುಗಬೇಕು. ಳ, ಕ್ಷ ಬರುವಷ್ಟರಲ್ಲಿ ಗಂಟು ಎಲ್ಲಾ ದಿಕ್ಕಿಗೂ ಆಡಿರುತ್ತದೆ. ನೆಲದ ಮೇಲೆ ಟವೆಲ್ ಹಾಸಿ ಬೆರಳಿನಿಂದ ಮುದುಡಿಸಿ ಎಳೆಯಿರಿ. ಡಾಕ್ಟರು ಸ್ವಲ್ಪ ಭಾರ ಹಾಕಿ ಅಂದರೆ ಎಷ್ಟು ಕಿಲೋ ಅಂತ ಕೇಳಿ. ತೂಕದ ಯಂತ್ರದ ಮೇಲೆ ಆ ಪಾದ ಇಟ್ಟು, ಮುಳ್ಳು ಅಲ್ಲಿಗೆ ಬರುವವರೆಗೆ ಒತ್ತಿ ಅಭ್ಯಾಸ ಮಾಡಿ. ಕಣ್ಣಂದಾಜು ನಂಬಬೇಡಿ. ಒಂದೇ ಕೋಲಿಗೆ ಬಂದಾಗ ಅದನ್ನು ಎಡಗೈಯಲ್ಲಿ ಹಿಡಿಯಿರಿ. ಕೆಲವು ತಿಂಗಳು ಸಂಜೆ ಹೊತ್ತಿಗೆ ಬಾವು ಬರುತ್ತದೆ, ಅದು ಸಹಜ. ಶಾಲೆಗೆ ಹೋಗುವಾಗ ಹವಾಯಿ ಚಪ್ಪಲಿ ಬೇಡ, ಗಟ್ಟಿ ಅಟ್ಟೆಯ ಶೂ ಹಾಕಿ. ಮೊದಮೊದಲು ಪಾಠ ಕೂತೇ ಮಾಡಿ.

ಪ್ರಶ್ನೆ: ನಮ್ಮಪ್ಪನಿಗೆ ಪಾದ ಮುರಿದು ಮೂರು ತಿಂಗಳಾಗುತ್ತಾ ಬಂತು, ಎಲುಬು ಇನ್ನೂ ಕೂಡಿಲ್ಲ ಅನ್ನುತ್ತಾರೆ. ಶುಗರ್ ಇದೆ. ಬೀಡಿ ಬಿಡುವುದಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ನಮಗೇ ಕೇಳುತ್ತಾರೆ.
— ಓದುಗರು, ಹುಮನಾಬಾದ್

ಉತ್ತರ: ಸಂಬಂಧ ಇದೆ. ಬೀಡಿಯ ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಎಲುಬಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ಗುಟ್ಕಾದಲ್ಲೂ ಅದೇ ಇದೆ, ಬೀಡಿ ಬಿಡಿಸಿ ಅದನ್ನು ಕೈಗೆ ಕೊಡಬೇಡಿ. ಶುಗರ್ ಏರಿದ್ದರೂ ಎಲುಬು ಕೂಡುವುದು ತಡ. ಪೂರ್ತಿ ಬಿಡು ಅಂದರೆ ಜಗಳ ಆಗುತ್ತದೆ, ನನಗೂ ಗೊತ್ತು. ಎಲುಬು ಕೂಡುವ ತನಕವಾದರೂ ಬಿಡು ಅಂತ ಕೇಳಿ ನೋಡಿ, ಗಡುವು ಇಟ್ಟರೆ ಒಪ್ಪುವವರು ಇದ್ದಾರೆ. ಶುಗರ್ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಇರಬಹುದು. ನೋವಿಲ್ಲ ಅಂತ ಅವರು ಓಡಾಡುತ್ತಿದ್ದರೆ ಅದನ್ನು ಗುಣವಾದ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಡಾಕ್ಟರಿಗೆ ಹೇಳಿ.

ಪ್ರಶ್ನೆ: ಈ ಬಿಸಿಲಲ್ಲಿ ಪ್ಲಾಸ್ಟರ್ ಒಳಗೆ ತುರಿಕೆ ತಡೆಯಲಾಗುತ್ತಿಲ್ಲ. ಸ್ಕೇಲ್ ತೂರಿಸಿ ಕೆರೆಯಬಹುದಾ?
— ಕಾಲೇಜು ವಿದ್ಯಾರ್ಥಿ, ಯಾದಗಿರಿ

ಉತ್ತರ: ಬೇಡಪ್ಪಾ. ಸ್ಕೇಲ್, ಪೆನ್ನು, ಕಡ್ಡಿ ಯಾವುದೂ ಬೇಡ. ಒಳಗೆ ಗೀರಿದ ಗಾಯ ಕಣ್ಣಿಗೆ ಕಾಣದೆ ಕೀವಾಗುತ್ತದೆ. ಪೌಡರ್ ಕೂಡ ಸುರಿಯಬೇಡ, ಬೆವರಿಗೆ ಮುದ್ದೆಯಾಗಿ ಇನ್ನೂ ತುರಿಸುತ್ತದೆ. ಪ್ಲಾಸ್ಟರಿನ ಮೇಲಿಂದ ಬೆರಳಲ್ಲಿ ಮೆಲ್ಲಗೆ ತಟ್ಟು, ಫ್ಯಾನಿನ ಕೆಳಗೆ ಕಾಲೆತ್ತಿ ಕೂರು. ಮನೆಯಲ್ಲಿ ಹೇರ್ ಡ್ರೈಯರ್ ಇದ್ದರೆ ತಣ್ಣನೆಯ ಗಾಳಿ ಮಾತ್ರ ಬಿಡು. ಸ್ನಾನದ ಹೊತ್ತಿಗೆ ಪ್ಲಾಸ್ಟಿಕ್ ಕಟ್ಟಿ ಕಾಲನ್ನು ಸ್ಟೂಲಿನ ಮೇಲೆ ಹೊರಗಿಡು, ಒಳಗಿನ ಹತ್ತಿ ಒದ್ದೆಯಾದರೆ ಒಣಗುವುದೇ ಇಲ್ಲ. ಕೆಟ್ಟ ವಾಸನೆ, ಜ್ವರ, ಇಲ್ಲವೇ ಒಂದೇ ಜಾಗದಲ್ಲಿ ಉರಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಪ್ಲಾಸ್ಟರ್ ತೆರೆಸಿ ನೋಡಿಸು.