‘ಅಬದ್ದೋನ್’ ಅನ್ನುವುದು ಸೈತಾನನ ಹೆಸರಾ? ಹೀಬ್ರೂದಲ್ಲಿ ಅದರ ಅರ್ಥ ಏನು?

ನೀವು ಕೇಳಿರುವುದು ಬೈಬಲಿನ ಪ್ರಕಟಣೆ ಪುಸ್ತಕದ 9:11ರ ಬಗ್ಗೆ ಅನ್ನಿಸುತ್ತದೆ. ಅಲ್ಲಿ ಅಬದ್ದೋನ್ ಎಂದರೆ ಮಿಡತೆಗಳ ಅರಸ, ಅಧೋಲೋಕದ ದೂತ. ಅವನೇ ಸೈತಾನ ಎಂದು ಆ ವಚನ ಹೇಳುವುದಿಲ್ಲ. ಹಾಗೆ ಅರ್ಥ ಮಾಡಿಕೊಂಡವರು ಆಮೇಲಿನವರು.

ಹೀಬ್ರೂ ಬೈಬಲಿನಲ್ಲಿ ಈ ಪದ ಬರುವುದು 6 ಕಡೆ ಮಾತ್ರ. ಯೋಬನ ಪುಸ್ತಕದಲ್ಲಿ 3, ಜ್ಞಾನೋಕ್ತಿಗಳ ಪುಸ್ತಕದಲ್ಲಿ 2, 88ನೇ ಕೀರ್ತನೆಯಲ್ಲಿ 1. ಅಲ್ಲಿ ಅದು ಹೆಚ್ಚಾಗಿ ಒಂದು ಜಾಗ. ಸಾಮಾನ್ಯವಾಗಿ ಪಾತಾಳ, ಮರಣ, ಸಮಾಧಿ ಇವುಗಳ ಜೊತೆಗೆ ಬರುತ್ತದೆ. ಯೋಬ 28:22ರಲ್ಲಿ ಮಾತ್ರ ಅಬದ್ದೋನ್ ಮತ್ತು ಮರಣ ಎರಡೂ ಮಾತಾಡುತ್ತವೆ. ಜ್ಞಾನದ ಸುದ್ದಿ ನಮ್ಮ ಕಿವಿಗೂ ಬಿದ್ದಿದೆ ಅನ್ನುತ್ತವೆ.

ಈಗ ಮೂಲಕ್ಕೆ ಬರೋಣ. ಇದರ ಧಾತು ‘ಅವದ್’. ನಿಘಂಟು ತೆರೆದರೆ ‘ನಾಶವಾಗು’ ಅಂತ ಇರುತ್ತದೆ. ನನಗೆ ಅದು ನಿಜವಾಗಿ ಅರ್ಥವಾಗಿದ್ದು 1 ಸಮುವೇಲ 9ನೇ ಅಧ್ಯಾಯ ಓದುವಾಗ. ಕೀಷನ ಕತ್ತೆಗಳು ತಪ್ಪಿಸಿಕೊಂಡಿರುತ್ತವೆ. ಮಗ ಸೌಲ ಒಬ್ಬ ಆಳನ್ನು ಕರೆದುಕೊಂಡು ಎಫ್ರಾಯೀಮ್ ಬೆಟ್ಟಗಳಲ್ಲಿ ಹುಡುಕುತ್ತಾ ಅಲೆಯುತ್ತಾನೆ. ಬುತ್ತಿ ಮುಗಿಯುತ್ತದೆ. ಅಪ್ಪ ಇನ್ನು ಕತ್ತೆ ಬಿಟ್ಟು ನಮ್ಮ ಚಿಂತೆ ಮಾಡುತ್ತಾನೆ, ವಾಪಸ್ ಹೋಗೋಣ ಅಂತ ಸೌಲ ಆಳಿಗೆ ಹೇಳುತ್ತಾನೆ. ಆ ಕಳೆದುಹೋದ ಕತ್ತೆಗಳಿಗೆ ಹೀಬ್ರೂದಲ್ಲಿ ಇರುವುದು ಇದೇ ಧಾತು! ಅವೇನೂ ಸತ್ತಿಲ್ಲ. ಎಲ್ಲೋ ಇವೆ, ಕಣ್ಣಿಗೆ ಬೀಳುತ್ತಿಲ್ಲ, ಅಷ್ಟೇ. ಮೂರು ದಿನಗಳ ಮೇಲೆ ಪ್ರವಾದಿ ಸಮುವೇಲನೇ ಹೇಳುತ್ತಾನೆ, ಅವು ಸಿಕ್ಕಿದವು ಅಂತ.

119ನೇ ಕೀರ್ತನೆಯ ಕೊನೆಯ ವಚನದಲ್ಲಿ ದಾರಿ ತಪ್ಪಿದ ಕುರಿಗೂ ಇದೇ ಪದ. ‘ಸತ್ತರೆ ಸಾಯುತ್ತೇನೆ’ ಎಂದು ರಾಣಿ ಎಸ್ತೇರಳು ಹೇಳುವಾಗಲೂ ಇದೇ.

ಕನ್ನಡದವರಿಗೆ ಇದು ಅಷ್ಟು ದೂರದ ಮಾತಲ್ಲ. ನಮ್ಮ ತಂದೆ ತೀರಿಕೊಂಡಾಗ ಮನೆಗೆ ಬಂದವರೆಲ್ಲ ‘ಅಪ್ಪನನ್ನು ಕಳೆದುಕೊಂಡೆಯಲ್ಲಪ್ಪಾ’ ಅಂದರು. ಕಳೆದುಹೋದ ಕೊಡೆಗೂ ಅದೇ ಮಾತು, ಹೋದ ಜೀವಕ್ಕೂ ಅದೇ ಮಾತು, ಅಲ್ವಾ? ಆ ದಿನಗಳಲ್ಲಿ 88ನೇ ಕೀರ್ತನೆ ಮತ್ತೆ ಮತ್ತೆ ಓದಿದೆ. ನಿನ್ನ ನಂಬಿಗಸ್ತಿಕೆಯನ್ನು ಅಬದ್ದೋನಿನಲ್ಲಿ ಯಾರಾದರೂ ಸಾರುತ್ತಾರಾ ಎಂದು ಅದು ದೇವರನ್ನೇ ಕೇಳುತ್ತದೆ. ‘ನಾಶ’ ಅಂತ ಓದಿದಾಗ ಬೂದಿ ಕಣ್ಣ ಮುಂದೆ ಬರುತ್ತಿತ್ತು. ‘ಕಳೆದುಹೋದವರ ಜಾಗ’ ಅಂತ ಓದಿದ ಮೇಲೆ ಆ ಕೀರ್ತನೆಯ ಅಳು ನನಗೆ ಕೇಳಿಸಿತು.

ಗ್ರೀಕಿನಲ್ಲೂ ಹೀಗೇ. ಪ್ರಕಟಣೆ 9:11ರಲ್ಲೇ ಅವನಿಗೆ ಕೊಡುವ ಗ್ರೀಕ್ ಹೆಸರು ಅಪೊಲ್ಲುವೋನ್, ಅಂದರೆ ನಾಶಮಾಡುವವನು. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಕಳೆದುಹೋದ ಕುರಿ, ನಾಣ್ಯ, ಮಗ ಮೂರಕ್ಕೂ ಬಳಸಿರುವುದು ಅದೇ ಕ್ರಿಯಾಪದ.

ಒಂದು ಎಚ್ಚರಿಕೆ. ಅಬದ್ದೋನ್ ಪದಕ್ಕೂ ಸೇವಕ ಎಂಬ ಅರ್ಥದ ‘ಎವೆದ್’ಗೂ ನಂಟು ಕಟ್ಟಬೇಡಿ. ಅಬದ್ದೋನ್ ಶುರುವಾಗುವುದು ಆಲೆಫ್ ಅಕ್ಷರದಿಂದ, ಎವೆದ್ ಶುರುವಾಗುವುದು ಅಯಿನ್‌ನಿಂದ. ಕನ್ನಡದಲ್ಲಿ ಬರೆದಾಗ ಆ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ‘ಅಬದ್ಧ’ಕ್ಕೂ ಇದಕ್ಕೂ ಸಂಬಂಧವಿಲ್ಲ. ಕಿವಿಗೆ ಹತ್ತಿರ ಕೇಳಿಸುತ್ತದೆ, ಅಷ್ಟೇ.