ಬೆಳಗಿನ ಹೊತ್ತು ಮಾತ್ರ ಮುನಿಸಿಕೊಳ್ಳುವ ಬೈಕ್

ಪ್ರಶ್ನೆ: ನನ್ನದು 2014ರ 100 ಸಿಸಿ ಬೈಕ್. ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಇಪ್ಪತ್ತು ಸಲ ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಡೇರಿಗೆ ಹಾಲು ಒಯ್ಯುವುದು ದಿನವೂ ತಡವಾಗುತ್ತಿದೆ. ಒಮ್ಮೆ ಹತ್ತಿಕೊಂಡರೆ ಸಂಜೆಯವರೆಗೆ ಅರ್ಧ ಕಿಕ್ ಸಾಕು. ಪ್ಲಗ್, ಬ್ಯಾಟರಿ ಎರಡನ್ನೂ ಬದಲಾಯಿಸಿದ್ದಾಯಿತು. ಈಗ ಮೆಕ್ಯಾನಿಕ್ ಎಂಜಿನ್ ಬಿಚ್ಚಬೇಕು ಎನ್ನುತ್ತಿದ್ದಾರೆ. ಬಿಚ್ಚಿಸಲೇ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ದಯವಿಟ್ಟು ಈಗಲೇ ಬಿಚ್ಚಿಸಬೇಡಿ. ಬಿಸಿಯಾದ ಮೇಲೆ ಅರ್ಧ ಕಿಕ್ ಸಾಕು ಎಂದಿದ್ದೀರಲ್ಲ, ನನಗೆ ಮುಖ್ಯವಾಗಿ ಕಂಡದ್ದು ಆ ಮಾತು. ಎಂಜಿನ್ ಬಿಚ್ಚಬೇಕಾಗುವಂತೆ ಒಳಗಿನ ಪಿಸ್ಟನ್ ರಿಂಗ್ ಸವೆದಿದ್ದರೆ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿತ್ತು, ಏರು ಹತ್ತುವಾಗ ಗಾಡಿ ಸೋಲುತ್ತಿತ್ತು. ನೀವು ಅದೇನನ್ನೂ ಬರೆದಿಲ್ಲ.

ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಆದ್ದರಿಂದಲೇ ಅದಕ್ಕೆ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಬೇಕು. ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್‌ನಲ್ಲಿ ಚೋಕ್ ಮಾಡುವ ಕೆಲಸವೂ ಇದೇ. ನಾಳೆ ಬೆಳಿಗ್ಗೆ ಗಾಡಿ ಹತ್ತಿಕೊಂಡ ಕೂಡಲೇ ಚೋಕ್ ಹಾಕಿ, ತೆಗೆದು ನೋಡಿ. ಎಂಜಿನ್ ಸದ್ದು ಸ್ವಲ್ಪವೂ ಬದಲಾಗದಿದ್ದರೆ ಚೋಕ್ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಹಳೆಯ ಗಾಡಿಗಳಲ್ಲಿ ಅದರ ಕೇಬಲ್ ಸಡಿಲವಾಗಿರುತ್ತದೆ ಅಥವಾ ಲಿವರ್ ಅರ್ಧಕ್ಕೇ ನಿಲ್ಲುತ್ತದೆ. ಗಾಡಿ ಬಿಸಿಯಾದ ಮೇಲೂ ಚೋಕ್ ತೆಗೆದರೆ ಐಡ್ಲಿಂಗ್ (ಆಕ್ಸಿಲರೇಟರ್ ಕೊಡದೆ ನಿಧಾನ ಓಡುವುದು) ಹಿಡಿಯದೆ ಆಫ್ ಆಗುತ್ತಿದ್ದರೆ, ಆ ಹೊತ್ತಿನಲ್ಲಿ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಎಂಬ ಕಾರ್ಬುರೇಟರ್‌ನ ಸಣ್ಣ ಭಾಗ ಕಟ್ಟಿಕೊಂಡಿದೆ. ಅದರ ರಂಧ್ರ ಅರ್ಧ ಮಿಲಿಮೀಟರ್‌ಗಿಂತಲೂ ಸಣ್ಣದು. ತಂತಿ ತೂರಿಸಿ ಸ್ವಚ್ಛ ಮಾಡಲು ಯಾರಿಗೂ ಬಿಡಬೇಡಿ, ರಂಧ್ರ ದೊಡ್ಡದಾದರೆ ಮೈಲೇಜ್ ಕೆಡುತ್ತದೆ. ಕಾರ್ಬುರೇಟರ್ ಕ್ಲೀನರ್ ಹಾಕಿ ಗಾಳಿ ಊದಿದರೆ ಸಾಕು.

ನಿಮ್ಮ ಕಡೆಯ ಮಳೆಯಲ್ಲಿ ನನ್ನ ದೊಡ್ಡ ಅನುಮಾನ ಮಾತ್ರ ನೀರಿನ ಮೇಲೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವ ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ನೀರಿನ ಜೊತೆ ಸೇರಿ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮೊದಲ ಕಿಕ್‌ಗೆ ಎಂಜಿನ್ ಎಳೆದುಕೊಳ್ಳುವುದು ಆ ತಳದ್ದನ್ನೇ. ಬೆಳಿಗ್ಗೆ ಕಿಕ್ ಹೊಡೆಯುವ ಮೊದಲು ಕಾರ್ಬುರೇಟರ್‌ನ ಅಡಿಯಲ್ಲಿರುವ ಸ್ಕ್ರೂ ಸಡಿಲಿಸಿ, ಬರುವುದನ್ನು ಗಾಜಿನ ಸೀಸೆಯಲ್ಲಿ ಹಿಡಿಯಿರಿ. ಹತ್ತಿರದಲ್ಲಿ ಬೀಡಿ, ದೀಪ, ಒಲೆ ಯಾವುದೂ ಇರಕೂಡದು. ಸೀಸೆಯನ್ನು ಎರಡು ನಿಮಿಷ ಅಲುಗಾಡಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆಯೇ ಒಂದು ಪದರ ಅಥವಾ ಉರುಳುವ ಹನಿಗಳು ಕಂಡರೆ ಕಳ್ಳ ಸಿಕ್ಕಿದ. ಆಗ ಟ್ಯಾಂಕನ್ನೂ ಪೂರ್ತಿ ಖಾಲಿ ಮಾಡಿಸಿ, ಮುಚ್ಚಳದ ರಬ್ಬರ್ ಬದಲಾಯಿಸಿ. ಮಳೆಗಾಲದಲ್ಲಿ ಟ್ಯಾಂಕ್ ಆದಷ್ಟು ತುಂಬಿರಲಿ.

ಇನ್ನೊಂದು ಮಾತು. ಇಪ್ಪತ್ತು ಕಿಕ್ ಆಗುವಷ್ಟರಲ್ಲಿ ಪ್ಲಗ್ ಪೆಟ್ರೋಲ್‌ನಲ್ಲಿ ತೊಯ್ದಿರುತ್ತದೆ, ಮತ್ತೆ ಹೊಡೆದರೆ ಕಾಲು ನೋಯುತ್ತದೆ ಅಷ್ಟೇ. ಪೆಟ್ರೋಲ್ ಕಾಕ್ ಮುಚ್ಚಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಐದಾರು ಸಲ ಹೊಡೆಯಿರಿ. ಹತ್ತಿಕೊಂಡ ಕ್ಷಣವೇ ಆಕ್ಸಿಲರೇಟರ್ ಬಿಟ್ಟು ಕಾಕ್ ತೆರೆಯಿರಿ.

ಇವೆಲ್ಲ ಸರಿಯಿದ್ದರೆ ಟ್ಯಾಪೆಟ್, ಅಂದರೆ ಎಂಜಿನ್‌ನ ವಾಲ್ವ್ ಒತ್ತುವ ಭಾಗದ ಸಂದು ನೋಡಿಸಿ. ಟ್ಯಾಪೆಟ್ ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ (ಎಂಜಿನ್ ಒಳಗಿನ ಒತ್ತಡ) ಸೋರುತ್ತದೆ. ರಾತ್ರಿಯಿಡೀ ತಣಿದ ಎಂಜಿನ್‌ನಲ್ಲೇ ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್ ಹಾಕಿ ಹೊಂದಿಸಬೇಕು, ಗಾಡಿ ಓಡಿಸಿಕೊಂಡು ಹೋದ ಕೂಡಲೇ ಅಲ್ಲ. ಹಿಂದಿನ ಸಂಜೆಯೇ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ.